ಕತ್ತರಿಗೆ ಕುಂಕುಮ ಹಚ್ಚಿದ ಪದವೀಧರ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೊಬ್ಬನೇ. ಅವ್ವ ಕಂಪ್ಲಿಯ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ನಾಟಿ ಹಚ್ಚಿದಳು, ನಾನು ಹೊಸಪೇಟೆಯಲ್ಲಿ ಕತ್ತು ಬಗ್ಗಿಸಿ ಓದಿದೆ. ಮೂರು ವರ್ಷದ ಆಪರೇಷನ್ ಥಿಯೇಟರ್ ಕೋರ್ಸನ್ನು ನಾಲ್ಕೂವರೆ ವರ್ಷ ಆಳವಾಗಿ ಅಧ್ಯಯನ ಮಾಡಿ ಹೊರಬಂದೆ. "ನನ್ನ ಮಗ ಆಪರೇಷನ್ ಮಾಡ್ತಾನ" ಎಂದು ಅವ್ವ ಓಣಿಗೆಲ್ಲ ಹೇಳಿದ್ದಾಳೆ. ನಾನು ಮಾಡುವುದಿಲ್ಲ. ಮಾಡುವವರ ಕೈಗೆ ಕತ್ತರಿ, ಚಿಮುಟ ತಟ್ಟನೆ ಸಿಗುವಂತೆ ಜೋಡಿಸಿಡುತ್ತೇನೆ. ಈ ವ್ಯತ್ಯಾಸವನ್ನು ಅವ್ವನಿಗೆ ತಿಳಿಸಲು ನಾನೂ ಅಷ್ಟೇನೂ ಅವಸರ ಮಾಡಿಲ್ಲ.

ಹೊಸಪೇಟೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅಲ್ಲಿ ಗಂಗಮ್ಮ ಎಂಬ ಆಯಾ ಇದ್ದರು. ಓದಿದ್ದು ನಾಲ್ಕನೇ ಕ್ಲಾಸು, ಸರ್ವಿಸು ಇಪ್ಪತ್ತು ವರ್ಷ. ಒಂದು ಸಿಸೇರಿಯನ್‌ಗೆ ಬೇಕಾದ ಉಪಕರಣಗಳನ್ನೆಲ್ಲ ಎಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಕ್ರಿಮಿ ಸಾಯುವಂತೆ ಬೇಯಿಸಿ ಎತ್ತಿಡುವುದು ಅವರ ಕೆಲಸ. ಅಂಥ ಒಂದು ಗಂಟಿಗೆ ಸೆಟ್ ಎನ್ನುತ್ತೇವೆ. ನಮ್ಮಲ್ಲಿ ಮೂರು ಸೆಟ್ ಇದ್ದವು.

ಆಯುಧಪೂಜೆ ಬಂತು. ಪ್ರತಿ ವರ್ಷ ಆಟೋಕ್ಲೇವ್‌ಗೆ ಒಂದು ಹಾರ, ಮೂಲೆಯ ತುಕ್ಕು ಕತ್ತರಿಗೆ ಒಂದು ಕುಂಕುಮದ ಬೊಟ್ಟು, ಅಲ್ಲಿಗೆ ಪೂಜೆ ಮುಗಿಯುತ್ತಿತ್ತಂತೆ. ನನಗೆ ಅವಮಾನವೆನಿಸಿತು. ಪದವೀಧರನಿರುವ ಥಿಯೇಟರಿನಲ್ಲಿ ತುಕ್ಕು ಕತ್ತರಿಗೆ ಪೂಜೆಯೇ!

"ಮೂರೂ ಸೆಟ್ ಬಿಚ್ಚೋಣು ಗಂಗಮ್ಮ. ದೊಡ್ಡದರಿಂದ ಸಣ್ಣದರ ತನಕ ಸಾಲಾಗಿ ಇಟ್ಟು, ಒಂದೊಂದಕ್ಕೂ ಹೆಸರಿನ ಚೀಟಿ ಹಚ್ಚೋಣು. ಡಾಕ್ಟರ್ ಮೇಡಂ ನೋಡಿ ಬೆರಗಾಗಬೇಕು!"

"ಬ್ಯಾಡ್ರಿ ಸರ್. ಹೆರಿಗಿಗೇನು ಹಬ್ಬ ಗೊತ್ತಾಗತೈತೇನ್ರಿ?"

"ಶಿಸ್ತು ಅಂದ್ರ ಏನಂತ ನಾನು ಓದೀನಿ."

ಗಂಗಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು. "ಹಂಗಾದ್ರ ಎರಡೇ ಅದಾವ್ರಿ. ಮೂರನೇದು ರಿಪೇರಿಗೆ ಹೋಗೈತಿ."

ರಿಜಿಸ್ಟರಿನಲ್ಲಿ 'ರಿಪೇರಿಯಲ್ಲಿದೆ' ಎಂದು ಬರೆದು ರುಜು ಹಾಕಿದೆ. ಬರವಣಿಗೆಯಲ್ಲಿ ನಾನು ಭಾರೀ ಕಟ್ಟುನಿಟ್ಟು!

ಎರಡು ಸೆಟ್ ಬಿಚ್ಚಿ ಹಸಿರು ಬಟ್ಟೆಯ ಮೇಲೆ ಜೋಡಿಸಿದೆ. ಕತ್ತರಿಗಳು ಬೀಗರಂತೆ ಎದುರುಬದುರು ಕುಳಿತವು. ಎಲ್ಲಕ್ಕೂ ವಿಭೂತಿ, ಕುಂಕುಮ. ಪ್ರತಿ ಚಿಮುಟದ ಬಾಯಲ್ಲಿ ಚೆಂಡುಹೂವಿನ ಒಂದೊಂದು ಎಸಳು. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಗಂಗಮ್ಮನನ್ನು ಕುಂಬಳಕಾಯಿ ತರಲು ಮಾರ್ಕೆಟ್ಟಿಗೆ ಕಳಿಸಿದೆ.

ಆಗ ನಮ್ಮ ಡಾಕ್ಟರ್ ಮೇಡಂ ಓಡುತ್ತ ಬಂದರು.

"ವಡ್ಡು ಹಳ್ಳಿಯಿಂದ ಒಂದು ಕೇಸ್ ಬರಾಕತ್ತೈತಿ. ಕೂಸಿನ ಎದೆಬಡಿತ ಇಳಿಯಾಕತ್ತೈತಂತ. ಇಪ್ಪತ್ತು ನಿಮಿಷದಾಗ ಇಲ್ಲಿರ್ತಾರ. ಸೆಟ್ ತೆಗೀರಿ, ಜಲ್ದಿ!"

ತೆಗೆಯುವ ಕಷ್ಟವೇ ಇರಲಿಲ್ಲ. ಎಲ್ಲವೂ ಕಣ್ಣೆದುರಿಗೇ ಇದ್ದವು, ಹೆಸರಿನ ಸಮೇತ! ಮೇಡಂ ಒಂದು ಕತ್ತರಿ ಎತ್ತಿದರು. ಕುಂಕುಮ ಉದುರಿತು.

"ಏನಿದು?"

"ಪೂಜಿ, ಮೇಡಂ."

"ಬೇಯಿಸಿಟ್ಟ ಸೆಟ್ ಎಲ್ಲೈತಿ?"

"ಇದೇ ಮೇಡಂ... ಮುಂಜಾನಿ ತನಕ."

ಮೇಡಂ ಗೋಡೆಯ ಗಡಿಯಾರ ನೋಡಿದರು. ತೊಳೆದು ಬೇಯಿಸಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಆ ಕೂಸಿನ ಬಳಿ ಇರಲಿಲ್ಲ.

"ಬೇರೆ ಆಸ್ಪತ್ರಿಯಿಂದ ಕೇಳಿ ತರ್ತೀನಿ ಮೇಡಂ" ಎಂದವನೇ, ಥಿಯೇಟರಿನ ಹಸಿರು ಅಂಗಿಯಲ್ಲೇ ಬೈಕ್ ಹತ್ತಿದೆ. ಬೆಳಿಗ್ಗೆ ನಾನೇ ಅದಕ್ಕೆ ಎರಡು ಬಾಳೆಕಂದು ಕಟ್ಟಿದ್ದೆ. ಬಿಚ್ಚಲು ಪುರುಸೊತ್ತೆಲ್ಲಿ? ದಾರಿಯುದ್ದಕ್ಕೂ ಎಲೆಗಳು ಗಾಳಿಗೆ ನನ್ನ ಕಪಾಳಕ್ಕೆ ಬಾರಿಸಿದವು. ನ್ಯಾಯವಾಗಿಯೇ ಬಾರಿಸಿದವು.

ಊರಿನ ಇನ್ನೊಂದು ತುದಿಯ ನರ್ಸಿಂಗ್ ಹೋಮಿನ ಸಿಸ್ಟರ್ ಮರುಮಾತಾಡದೆ ಒಂದು ಸೆಟ್ ಕೊಟ್ಟರು. ಕೊಡುವಾಗ ಇಷ್ಟೇ ಹೇಳಿದರು: "ನಿಮ್ಮ ಸ್ಟೇಟಸ್ ನೋಡಿದ್ವಿ ಸರ್. ಭಾಳ ಮಸ್ತ್ ಜೋಡಿಸೀರಿ."

ಮರಳುವಾಗ ಗ್ಯಾರೇಜುಗಳ ಸಾಲು. ಪ್ರತಿ ಗ್ಯಾರೇಜಿನ ಮುಂದೆಯೂ ಕುಂಕುಮ ತುಂಬಿ ಒಡೆದ ಕುಂಬಳಕಾಯಿ. ಹನ್ನೊಂದನ್ನು ತಪ್ಪಿಸಿದೆ. ಹನ್ನೆರಡನೆಯದು ನನ್ನನ್ನು ತಪ್ಪಿಸಲಿಲ್ಲ! ಕೆಂಪು ತಿರುಳಿನಲ್ಲಿ ಬೋರಲಾಗಿ ಬಿದ್ದೆ, ಸೆಟ್ಟೂ ನನ್ನ ಜೊತೆಗೇ ಬಿತ್ತು. ಒದ್ದೆಯಾದ ಗಂಟು ಆಪರೇಷನ್ನಿಗೆ ಬಾರದು ಎಂದು ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಅದಕ್ಕೆ ಪೂರ್ತಿ ಮಾರ್ಕ್ಸೂ ಬಂದಿತ್ತು. ಹೀಗೆ ಒಂದೇ ದಿನದಲ್ಲಿ ಮೂರು ಸೆಟ್ ಕೆಡಿಸಿದೆ: ನಮ್ಮವು ಎರಡು, ಪರರದು ಒಂದು. ಆ ಕೂಸನ್ನು ನಾನೇ ಕೊಂದೆ ಎಂದು ಅಳುತ್ತಲೇ ಬೈಕ್ ಎತ್ತಿದೆ.

ಕುಂಟುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಒಳಗಿನಿಂದ ಒಂದು ಹೊಸ ದನಿ ಕೇಳಿತು. ಕೂಸು ಅಳುತ್ತಿತ್ತು! ಥಿಯೇಟರಿನ ಬಾಗಿಲಲ್ಲಿ ಗಂಗಮ್ಮ ನಿಂತಿದ್ದರು.

"ಆತ್ರಿ ಸರ್. ತಾಯಿ-ಮಗಳು ಇಬ್ಬರೂ ಅರಾಮ ಅದಾರ. ಎಷ್ಟು ಸಲ ಫೋನ್ ಹಚ್ಚಿದ್ರೂ ನೀವು ಎತ್ತಲಿಲ್ಲ."

"ಸೆಟ್ ಎಲ್ಲಿಂದ ಬಂತು?"

"ಮೂರನೇದು ನನ್ನ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಿದ್ದೆ. ಮಾರ್ಕೆಟ್ಟಿನಿಂದ ಬಂದಾಕಿನ ತೆಗೆದು ಕೊಟ್ಟೆ."

"ರಿಪೇರಿಗೆ ಹೋಗೈತಿ ಅಂದ್ರಿ?"

"ರಿಪೇರಿ ಬೇಕಾಗಿದ್ದು ಸೆಟ್ಟಿಗಲ್ರಿ ಸರ್" ಎಂದು ಅವರು ನೆಲ ಒರೆಸುವ ಬಟ್ಟೆ ತರಲು ಹೋದರು.

ಅಷ್ಟರಲ್ಲಿ ಕೂಸಿನ ತಂದೆ ಬಂದ. ತೋರಣಗಲ್ಲಿನ ಫ್ಯಾಕ್ಟರಿಯಿಂದ ಶಿಫ್ಟ್ ಬಿಟ್ಟು ಬಂದವನು, ಯೂನಿಫಾರಂ ಕೂಡ ಬದಲಿಸಿರಲಿಲ್ಲ. ನನ್ನ ಹಸಿರು ಅಂಗಿ ನೋಡಿದ. ಅಂಗಿಯ ತುಂಬ ಹರಡಿದ್ದ ಕೆಂಪು ನೋಡಿದ. ಅವನ ಕಣ್ಣು ತುಂಬಿದವು.

"ಎಷ್ಟು ಒದ್ದಾಡೀರಿ ಸರ್! ನಿಮ್ಮಂಥ ಓದಿದೋರು ಇದ್ದದ್ದಕ್ಕ ನನ್ನ ಮಗಳು ಉಳದಳು."

ನನ್ನಿಂದಲ್ಲಪ್ಪ, ಈ ಗಂಗಮ್ಮನಿಂದ ಎಂದು ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ಅವನು ಅದರೊಳಗೆ ಒಂದು ಪೇಡೆ ಇಟ್ಟ. ಪೇಡೆ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ.

ನನ್ನಿಂದ ತೊಟ್ಟಿಕ್ಕುತ್ತಿದ್ದ ಕುಂಬಳದ ನೀರನ್ನು ಗಂಗಮ್ಮ ಒರೆಸತೊಡಗಿದ್ದರು. ತಲೆ ಎತ್ತದೆಯೇ ಹೇಳಿದರು:

"ನೀರು ಕುಡೀರಿ ಸರ್. ಗಂಟಲಾಗ ಸಿಕ್ಕೀತು."

ಎರಡು ಲೋಟ ಕುಡಿದೆ. ಇಳಿಯಲಿಲ್ಲ.