ಗೊಬ್ಬರದಲ್ಲಿ ತಾಮ್ರ, ತಲೆಯಲ್ಲಿ ಸಿಟ್ಟು

ಗೊಬ್ಬರದ ಬಗ್ಗೆ ಶಾಂತವಾಗಿ ಮಾತಾಡಿದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕ ಮುಗಿಯುವವರೆಗೆ ಮಂಗಳೂರಿನ ಒಂದು ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಸಹಾಯಕನಾಗಿದ್ದೆ. ಜನ ತಮ್ಮ ಗದ್ದೆಯ ಮಣ್ಣು, ಹಟ್ಟಿಯ ಗೊಬ್ಬರ ತಂದುಕೊಡುತ್ತಿದ್ದರು. ಅದರಲ್ಲಿ ತಾಮ್ರ ಎಷ್ಟು ಉಂಟು, ಸತು ಎಷ್ಟು, ಕಬ್ಬಿಣ ಎಷ್ಟು ಎಂದು ನಾವು ನೋಡಿ ಹೇಳಬೇಕು. ಈ ಲೋಹಗಳು ಬೆಳೆಗೆ ಬೇಕಾಗುವುದು ಚಿಟಿಕೆಗಿಂತಲೂ ಕಡಿಮೆ. ಆ ಚಿಟಿಕೆಗಾಗಿ ನನ್ನ ಮೇಲೆ ಹಾರಿಬಿದ್ದವರನ್ನು ಸಾಲಾಗಿ ನಿಲ್ಲಿಸಿದರೆ ಹಂಪನಕಟ್ಟೆಯಿಂದ ಬಂದರಿನವರೆಗೆ ನಿಂತಾರು. ನಾನೂ ಸುಮ್ಮನಿರುವ ಜಾತಿಯಲ್ಲ. ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ.

೧. ಗೇಟಿನಲ್ಲಿ ವಿಚಾರಣೆ

ನನ್ನ ಅಪ್ಪ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಮಗನಿಗೆ ಸರಕಾರಿ ಕೆಲಸ ಸಿಕ್ಕಿತೆಂದು ಊರಿಡೀ ಹೇಳಿಕೊಂಡು ಬಂದಿದ್ದರು. ಆ ಕೆಲಸ ಎಂತದ್ದು ಎಂದು ಗೊತ್ತಾದ ದಿನ ಊಟ ಬಿಟ್ಟರು. ಮರುದಿನದಿಂದ ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಗೇಟಿನಲ್ಲಿ ನಿಲ್ಲತೊಡಗಿದರು.

"ಇವತ್ತು ಎಂತದ್ದು?"

"ದನದ್ದು."

"ಒಳಗೆ ಬಾ."

ಇನ್ನೊಂದು ದಿನ, "ಇವತ್ತು?"

"ಕೋಳಿದು."

"ಬಾವಿಕಟ್ಟೆಗೆ ಹೋಗು. ಎರಡು ಸಲ ಮೀ. ಆಮೇಲೆ ನೋಡುವ."

ನನಗೆ ರೇಗಿ ಹೋಗುತ್ತಿತ್ತು. "ಅಪ್ಪಾ, ನಾನು ಮುಟ್ಟುವುದೇ ಇಲ್ಲ. ಎಲ್ಲ ಗಾಜಿನ ಕೊಳವೆಯಲ್ಲಿ" ಎಂದರೆ, "ಕೊಳವೆಯನ್ನು ಮುಟ್ಟಿದ್ದು ಯಾರು?" ಎನ್ನುತ್ತಿದ್ದರು. ನಾನು ಬಾವಿಕಟ್ಟೆಗೆ ಹೋಗುತ್ತಿದ್ದೆ.

ಕೊನೆಗೆ ಒಂದು ದಿನ ಕಚೇರಿಗೆ ಹಂದಿಗೂಡಿನ ಗೊಬ್ಬರ ಬಂತು. ಸುಳ್ಳು ಹೇಳಬಹುದಿತ್ತು. ಆದರೆ ದಿನವಿಡೀ ಅದರ ವಾಸನೆ ಕುಡಿದು ನನ್ನ ತಲೆ ಕೆಟ್ಟಿತ್ತು. ಗೇಟಿನಿಂದ ಹತ್ತು ಮಾರು ದೂರದಲ್ಲೇ ನಿಂತು, "ಹಂದಿದು! ಇವತ್ತು ಹಂದಿದು! ಎಂತ ಮಾಡ್ತೀರಿ ಮಾಡಿ!" ಎಂದು ಕಿರುಚಿದೆ.

ಅಪ್ಪ ಬೈಯಲಿಲ್ಲ. ತಣ್ಣಗೆ ಹೇಳಿದರು: "ಮಣ್ಣಗುಡ್ಡದಲ್ಲಿ ನಿನ್ನ ಅತ್ತೆ ಮನೆ ಉಂಟಲ್ಲ, ಮೀಯದೆ ಹೀಗೇ ಅಲ್ಲಿಗೆ ಹೋಗು. ಎಲ್ಲಾ ಕೋಣೆಗೂ ಹೋಗಿ ಮಾತಾಡಿಸಿ ಬಾ. ಅವಳು ನನ್ನೊಟ್ಟಿಗೆ ಮಾತು ಬಿಟ್ಟು ಒಂದು ವರ್ಷ ಆಯಿತು."

೨. ಲಾಳ

ತೊಕ್ಕೊಟ್ಟಿನ ಕಡೆಯಿಂದ ಒಬ್ಬರು ಹೊಳೆ ದಾಟಿ ಬರುತ್ತಿದ್ದರು. ತರಕಾರಿ ಬೆಳೆಯುವವರು, ದೊಡ್ಡ ಸ್ವರ. ಒಂದು ಡಬ್ಬ ತುಂಬ ಹಟ್ಟಿಗೊಬ್ಬರ ಮೇಜಿನ ಮೇಲೆ ಕುಕ್ಕಿ, "ನೋಡಿ, ನಮ್ಮ ಎತ್ತಿನ ಗೊಬ್ಬರ. ಇದರಲ್ಲಿ ಇಲ್ಲದ ಲೋಹ ಇಲ್ಲ" ಎಂದರು.

ಪರೀಕ್ಷೆ ಮಾಡಿದೆ. ಕಬ್ಬಿಣ ಎಷ್ಟು ಬಂತೆಂದರೆ ಬಣ್ಣ ಹೋಲಿಸುವ ಪಟ್ಟಿಯೇ ಮುಗಿಯಿತು. ಇನ್ನೊಮ್ಮೆ ಮಾಡಿದೆ, ಹಾಗೇ ಬಂತು. ಮೂರನೇ ಸಲವೂ ಅದೇ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಹೆಚ್ಚೇ, ಮನೆ ಕಟ್ಟುವ ಮುರಕಲ್ಲು ಕೆಂಪಗಿರುವುದೇ ಅದರಿಂದ. ಆದರೆ ಎತ್ತಿನ ಹೊಟ್ಟೆಯಿಂದ ಇಷ್ಟು ಬರುವುದು ಹೇಗೆ? ಎರಡು ದಿನ ಹಾಳು ಮಾಡಿಕೊಂಡು ಕೊನೆಗೆ ಡಬ್ಬವನ್ನು ಕಾಗದದ ಮೇಲೆ ಬೋರಲು ಹಾಕಿದೆ. ತಳದಿಂದ ಠಣ್ಣೆಂದು ಬಿತ್ತು, ತುಕ್ಕು ಹಿಡಿದ ಎತ್ತಿನ ಲಾಳ, ಎರಡು ಮೊಳೆಗಳ ಸಮೇತ.

ಅವರು ಬಂದಾಗ ನಾನು ಕಾದು ಕೆಂಡವಾಗಿದ್ದೆ. "ಇದು ಎಂತ ಮಾರಾಯ್ರೇ? ಗೊಬ್ಬರ ತನ್ನಿ ಅಂದ್ರೆ ಕಮ್ಮಾರಸಾಲೆ ತರ್ತೀರಾ?"

ಅವರು ನನಗಿಂತ ಒಂದು ಕೈ ಮೇಲೆ. "ಹದಿನೈದು ದಿನದಿಂದ ಎತ್ತು ಕುಂಟುತ್ತಾ ಉಂಟು! ಇಡೀ ಹಟ್ಟಿ ಹುಡುಕಿದ್ದೇವೆ! ಇಲ್ಲಿ ಇಟ್ಕೊಂಡು ಕೂತಿದ್ದೀರಾ ನೀವು? ರಿಪೋರ್ಟು ನೀವೇ ಇಟ್ಕೊಳ್ಳಿ, ಲಾಳ ಕೊಡಿ!"

೩. ನೀಲಿ ನೀರು

ಒಬ್ಬರು ಟೀಚರ್ ಬಾಯಿ ಇದ್ದರು. ಕೊಂಕಣಿ ಕ್ರಿಶ್ಚಿಯನ್ನರು, ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವರು. ಮನೆಯ ಹಿಂದೆ ಕೋಳಿ ಸಾಕಿ, ಅದರ ಗೊಬ್ಬರದಲ್ಲಿ ಬಸಳೆ, ಹರಿವೆ ಬೆಳೆಸುತ್ತಿದ್ದರು. ಆ ಬಸಳೆಯ ಎಲೆ ಅಂಗೈಯಷ್ಟು ಅಗಲ ಇರುತ್ತಿತ್ತಂತೆ.

ಒಂದು ಬೆಳಿಗ್ಗೆ ಕಚೇರಿಗೆ ನುಗ್ಗಿ, ನಾಲ್ಕು ಹಳದಿ ಎಲೆಗಳನ್ನು ನನ್ನ ಮುಂದೆ ಎಸೆದರು. ಒಂದೊಂದೂ ಎಂಟಾಣೆಯಷ್ಟೇ ಇತ್ತು.

"ವಿಷ ಹಾಕಿದ್ದಾರೆ. ಯಾರು ಅಂತ ನನಗೆ ಗೊತ್ತುಂಟು. ಆಚೆಮನೆಯವರು. ನೀವು ಬರೆದು ಕೊಡಿ, ನಾನು ಪೋಲೀಸರಿಗೆ ಕೊಡ್ತೇನೆ."

ಆಚೆಮನೆಯವರು ಕೋರ್ಟಿನ ನಿವೃತ್ತ ಗುಮಾಸ್ತರು. ಟೀಚರ್ ಬಾಯಿಯ ಕೋಳಿಗಳು ಬೇಲಿ ನುಸುಳಿ ತಮ್ಮ ತೊಂಡೆ ಚಪ್ಪರದ ಬುಡ ಕೆದಕುತ್ತವೆಂದು ಅವರ ದೂರು ಇತ್ತು. ಆದರೆ ಅವರ ಹೆಂಡತಿ ಮತ್ತು ಟೀಚರ್ ಬಾಯಿ ಮದುವೆಯಾಗಿ ಬಂದ ದಿನದಿಂದ ಸ್ನೇಹಿತೆಯರು. ಒಬ್ಬರ ಹೆರಿಗೆಗೆ ಇನ್ನೊಬ್ಬರು ನಿಂತವರು.

ಟೀಚರ್ ಬಾಯಿಯ ತೋಟದ ಮಣ್ಣು ತರಿಸಿ ಪರೀಕ್ಷಿಸಿದೆ. ತಾಮ್ರ ವಿಪರೀತ ಇತ್ತು. ಬೇರಿಗೆ ತಾಮ್ರ ಹೆಚ್ಚಾದರೆ ಗಿಡ ಕಬ್ಬಿಣ ಎಳೆದುಕೊಳ್ಳುವುದಿಲ್ಲ, ಎಲೆ ಹಳದಿಯಾಗುತ್ತದೆ. ಇಷ್ಟನ್ನು ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ. "ತಾಮ್ರ" ಎಂದದ್ದೇ ತಡ, ಅವರು ಎದ್ದರು.

"ಮೈಲುತುತ್ತ! ಅವನ ಹತ್ತಿರ ಉಂಟು, ತೆಂಗಿಗೆ ಹೊಡೆಯಲಿಕ್ಕೆ ತಂದಿದ್ದಾನೆ!"

ಮೈಲುತುತ್ತ ತಾಮ್ರದ ಉಪ್ಪು ಎಂಬುದೇನೋ ನಿಜ. ನಾನು ಬೇಡ ಬೇಡವೆನ್ನುವಷ್ಟರಲ್ಲಿ ಮೆಟ್ಟಲು ಇಳಿದಾಗಿತ್ತು. ಆ ದಿನ ಗುಮಾಸ್ತರ ಅಂಗಳದಲ್ಲಿ ನಿಂತು ಕೊಂಕಣಿ, ತುಳು, ಕನ್ನಡ ಮೂರರಲ್ಲೂ ಬೈದರಂತೆ. ಗುಮಾಸ್ತರ ಹೆಂಡತಿ ಹೊರಗೆ ಬಂದು, "ನನ್ನ ಗಂಡನನ್ನು ವಿಷ ಹಾಕುವವನು ಅಂತೀಯಾ? ಇನ್ನು ನನ್ನ ಹೊಸಿಲು ತುಳಿಯಬೇಡ" ಎಂದು ಬಾಗಿಲು ಹಾಕಿಕೊಂಡರು.

ಇದು ನನ್ನ ಒಂದು ಶಬ್ದದಿಂದ ಆದದ್ದು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ನಾನೇ ಟೀಚರ್ ಬಾಯಿಯ ತೋಟಕ್ಕೆ ಹೋದೆ. ಬೇಲಿಯ ಬದಿಯ ಮಣ್ಣು ಅಗೆದೆ, ಅಲ್ಲಿ ತಾಮ್ರ ಹೆಚ್ಚಿರಲಿಕ್ಕಿಲ್ಲ ಎಂದು ನನ್ನ ಅನುಮಾನ, ಏಕೆಂದರೆ ಅಲ್ಲಿಯ ಹರಿವೆ ಹಸಿರಾಗಿಯೇ ಇತ್ತು. ವಿಷ ಹಾಕುವವನು ಬೇಲಿ ಬಿಟ್ಟು ನಡು ತೋಟಕ್ಕೆ ಹಾಕುತ್ತಾನೆಯೇ? ಹಾಗೆ ಯೋಚಿಸುತ್ತಾ ಕೋಳಿಗೂಡಿನ ಹತ್ತಿರ ಬಂದೆ. ಕೋಳಿ ಕುಡಿಯುವ ಮಣ್ಣಿನ ಬೋಗುಣಿಯಲ್ಲಿ ನೀರು ತಿಳಿನೀಲಿ.

"ಟೀಚರ್, ಇದು ಎಂತ?"

"ಅದಾ? ಮೈಲುತುತ್ತ. ಒಂದು ಹರಳು ಹಾಕಿದರೆ ಕೋಳಿಗೆ ರೋಗ ಬರುವುದಿಲ್ಲ. ಆರು ವರ್ಷದಿಂದ ಹಾಕ್ತಾ…"

ಲೆಕ್ಕದ ಟೀಚರು. ನೀರು ಕೋಳಿಗೆ, ಕೋಳಿಯಿಂದ ಗೊಬ್ಬರಕ್ಕೆ, ಗೊಬ್ಬರದಿಂದ ಬಸಳೆಗೆ ಎಂದು ನಾನು ಹೇಳಿಕೊಡಬೇಕಾಗಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಕಾಲಿನಿಂದ ಒದ್ದರು. ಬೋಗುಣಿ ಎರಡು ಹೋಳಾಯಿತು.

"ಈ ಮಣ್ಣು ಸರಿಯಾಗ್ತದಾ?"

"ನಿಧಾನ ಆಗ್ತದೆ. ಕೋಳಿಗೊಬ್ಬರ ನಿಲ್ಲಿಸಿ, ಸುಣ್ಣ ಹಾಕಿ. ಹಳೆಯ ದನದ ಗೊಬ್ಬರ ಹಾಕಿ. ಅದು ತಾಮ್ರವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ತದೆ, ಬೇರಿಗೆ ಬಿಡುವುದಿಲ್ಲ."

"ದನ ಇರುವುದು ಆಚೆಮನೆಯಲ್ಲಿ" ಎಂದರು.

ಹೋಗಲೇಬೇಕಾಯಿತು. ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋದರು. ಸ್ನೇಹಿತೆ ಬಾಗಿಲು ಅರ್ಧ ತೆರೆದರು, ಹಿಂದೆ ಗುಮಾಸ್ತರು. ಟೀಚರ್ ಬಾಯಿ ಜೀವಮಾನದಲ್ಲಿ ಯಾರಲ್ಲೂ ಕ್ಷಮೆ ಕೇಳಿದವರಲ್ಲ, ಅಭ್ಯಾಸ ಇರಲಿಲ್ಲ. ಗುಮಾಸ್ತರ ಕಡೆ ಬೆರಳು ತೋರಿಸಿ ಗದರಿದರು: "ತಪ್ಪು ನನ್ನದೇ. ಒಪ್ಪಿದೆ. ಆದರೆ ನಿಮ್ಮ ಮುಖವೂ ಹಾಗೇ ಉಂಟು, ಯಾರಿಗಾದರೂ ಸಂಶಯ ಬರ್ತದೆ!"

ಗುಮಾಸ್ತರ ಹೆಂಡತಿ ಬಾಗಿಲು ಪೂರ್ತಿ ತೆರೆದು ಹೇಳಿದರು: "ಒಳಗೆ ಬಾ. ಮದುವೆಯಾದಂದಿನಿಂದ ನಾನೂ ಅದನ್ನೇ ಹೇಳ್ತಾ ಇದ್ದೇನೆ."

೪. ಸತುವಿನ ಜಿಲ್ಲೆ

ಇದನ್ನು ಹೇಳುವಾಗ ಮಾತ್ರ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಇನ್ನೂ ತಿಳಿಯುವುದಿಲ್ಲ.

ಬೆಳೆಗೆ ಸತು ಬೇಕು ಎಂಬ ಮಾತು ಆಗಷ್ಟೇ ನಮ್ಮ ಕಡೆ ಕೇಳಿಬರುತ್ತಿತ್ತು. ನಮ್ಮ ಆಫೀಸರು ಘಟ್ಟದ ಮೇಲಿನವರು, ಶಿಸ್ತಿನ ಮನುಷ್ಯ, ಬೂಟು ಹಾಕಿಯೇ ಗದ್ದೆಗೆ ಇಳಿಯುವವರು. ಅವರ ಅಪ್ಪಣೆಯಂತೆ ಬಂದ ಮಣ್ಣಿನಲ್ಲೆಲ್ಲ ಸತು ನೋಡಿದೆವು. ಎಲ್ಲದರಲ್ಲೂ ಧಾರಾಳ ಸತು! ಎಂಟು ತಿಂಗಳು ಹೀಗೇ ಬಂತು. ಭತ್ತ ತುಕ್ಕು ಬಣ್ಣಕ್ಕೆ ತಿರುಗಿ ಗಿಡ್ಡವಾಗಿದೆ ಎಂದು ಅಳುತ್ತಾ ಬಂದವರಿಗೂ, "ಸತು ಬೇಡ, ನಿಮ್ಮಲ್ಲಿ ಬೇಕಾದಷ್ಟು ಉಂಟು" ಎಂದು ಬರೆದು ಕಳಿಸಿದೆವು. ನಮ್ಮ ಜಿಲ್ಲೆಯ ಹಟ್ಟಿಗೊಬ್ಬರದಲ್ಲೇ ಸತು ತುಂಬಿದೆ ಎಂದು ಆಫೀಸರು ಒಂದು ಭಾಷಣವನ್ನೂ ಬರೆದರು. ರೈತರ ಸಭೆ ಗೊತ್ತಾಯಿತು.

ಸಭೆಯ ದಿನ ಬೆಳಿಗ್ಗೆ ನಾನು ತಾಳೆ ನೋಡಲೆಂದು ಹೊಳೆಯ ಹೊಯ್ಗೆಯನ್ನು, ಬರೀ ಮರಳನ್ನು, ಆಮ್ಲದಲ್ಲಿ ತೊಳೆದು ಪರೀಕ್ಷಿಸಿದೆ. ಅದರಲ್ಲಿ ಏನೂ ಬರಬಾರದು. ಧಾರಾಳ ಸತು ಬಂತು. ಹೊಯ್ಗೆಯನ್ನು ಯಾವುದರಲ್ಲಿ ಹಾಕಿದ್ದೆ ಎಂದು ತಿರುಗಿ ನೋಡಿದೆ. ಮೂಲೆಯಲ್ಲಿ ನಮ್ಮ ಅಟೆಂಡರ್ ತಂದಿಟ್ಟ, ಸತು ಬಳಿದ ಕಬ್ಬಿಣದ ಬಕೆಟು. ಊರಿನ ಮಣ್ಣನ್ನೆಲ್ಲ ಅವನು ಅದರಲ್ಲೇ ಕಲಸುತ್ತಿದ್ದ. ಒಳಗಿನ ಹೊಳಪು ಅರ್ಧ ಕಿತ್ತುಹೋಗಿತ್ತು. ಆ ಅರ್ಧ ನಮ್ಮ ರಿಪೋರ್ಟುಗಳಲ್ಲಿತ್ತು.

ಸಭೆ ಶುರುವಾಗಲು ಅರ್ಧ ಗಂಟೆ ಇರುವಾಗ ಓಡಿಹೋಗಿ ಆಫೀಸರಿಗೆ ಹೇಳಿದೆ. ಅವರ ಮುಖ ಮುರಕಲ್ಲಿನಂತೆ ಕೆಂಪಾಯಿತು. "ಎಂಟು ತಿಂಗಳು! ಕಣ್ಣು ಎಲ್ಲಿಟ್ಟಿದ್ರಿ? ಜನ ನನ್ನ ಮಾತು ನಂಬಿ ಬೆಳೆ ಕಳ್ಕೊಂಡಾರಲ್ರೀ!" ನಾನೂ ಬಿಡಲಿಲ್ಲ. "ಬಕೆಟು ಖರೀದಿಗೆ ಸಹಿ ಹಾಕಿದ್ದು ನೀವು!"

ಭಾಷಣವನ್ನು ಹಾಗೇ ಓದಿಬಿಡುತ್ತಾರೆಂದು ನಾನು ಎಣಿಸಿದ್ದೆ. ಓದಲಿಲ್ಲ. ವೇದಿಕೆಗೆ ಹತ್ತಿ ಕಾಗದ ಮಡಚಿ ಕಿಸೆಗೆ ಹಾಕಿದರು. "ಎಂಟು ತಿಂಗಳು ನಾವು ನಿಮಗೆ ಕೊಟ್ಟದ್ದು ನಿಮ್ಮ ಮಣ್ಣಿನ ರಿಪೋರ್ಟಲ್ಲ, ನಮ್ಮ ಬಕೆಟಿನ ರಿಪೋರ್ಟು. ಅದರ ಸತು ಕಿತ್ತುಬಂದು ಮಣ್ಣಿಗೆ ಸೇರಿದೆ. ತಪ್ಪು ನನ್ನದು. ಎಲ್ಲರ ಮಣ್ಣನ್ನೂ ಇನ್ನೊಮ್ಮೆ ನೋಡ್ತೇವೆ" ಎಂದರು. ಆ ಕ್ಷಣ ನನಗೆ ಅವರ ಕಾಲು ಮುಟ್ಟಬೇಕೆನಿಸಿತು.

ಇನ್ನು ಕಲ್ಲು ಬೀಳುತ್ತದೆಂದು ನಾನು ಬಾಗಿಲಿನ ಕಡೆ ಜರುಗಿದೆ. ಹಿಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದು ಕೋಪದಿಂದ ಕೇಳಿದರು: "ಅಂದ್ರೆ ಆ ಬಕೆಟಿನಲ್ಲಿ ಇಟ್ಟರೆ ಮಣ್ಣಿಗೆ ಸತು ಸೇರ್ತದೆ?"

"ಹೌದು, ಸೇರ್ತದೆ, ಆದರೆ…"

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಸ್ವಾಮೀ? ಅದು ಯಾವ ಅಂಗಡಿಯಲ್ಲಿ ಸಿಗ್ತದೆ?"

ಆಮೇಲೆ ಆಫೀಸರು ಕಿರುಚಿದ್ದು ಯಾರಿಗೂ ಕೇಳಲಿಲ್ಲ. ಆ ವಾರ ಬಂದರಿನ ಅಂಗಡಿಗಳಲ್ಲಿ ಸತುವಿನ ಬಕೆಟು ಒಂದೂ ಉಳಿಯಲಿಲ್ಲ. ಹಟ್ಟಿಹಟ್ಟಿಯಲ್ಲಿ ಹೊಸ ಬಕೆಟಿನಲ್ಲಿ ಸೆಗಣಿ ಕಲಸಿಟ್ಟರು. ನಾನು ಮನೆಮನೆಗೆ ಹೋಗಿ ಬೇಡಿಕೊಂಡು, ಬೈದು, ಬೈಸಿಕೊಂಡು, ನಿಜವಾದ ಸತುವಿನ ಉಪ್ಪು ಕೊಟ್ಟು ಹೈರಾಣಾಗಿ ಮನೆಗೆ ಬಂದೆ. ಹೆಂಡತಿ ಜಗಲಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಊರಿಗೆಲ್ಲ ಸಿಕ್ಕಿತು. ಆ ಕಚೇರಿಯಲ್ಲೇ ಕೂತವರು ನೀವು, ಮನೆಗೆ ಒಂದು ಬಕೆಟು ತರಲಿಕ್ಕೆ ಆಗಲಿಲ್ಲವಾ?"