ಸಂತಾಪನ ಸಂದರ್ಶನಗಳು

ಕಲಾಪುಟದ ವರದಿಗಾರ್ತಿಯ ಗಂಟಲು ಕಟ್ಟಿಕೊಂಡದ್ದೇ ಎಲ್ಲಕ್ಕೂ ಮೂಲ. ಬೆಳಿಗ್ಗೆ ಸಂಪಾದಕರ ಎದುರು ನಿಂತು ಬಾಯಿ ತೆರೆದಳು. ಎಣ್ಣೆ ಕಾಣದ ಬಾಗಿಲಿನಂತೆ ಒಂದು ಕಿರ್ರ್ ಬಂತು, ಅಷ್ಟೆ. ಅವತ್ತೇ ಊರಲ್ಲಿ ಸಣ್ಣ ನಾಟಕಗಳ ಉತ್ಸವ. ರಂಗಮಂದಿರ ಸಿಗದವರು, ರಂಗಮಂದಿರ ಬೇಡವೆಂದವರು, ರಂಗಮಂದಿರದವರಿಗೇ ಬೇಡವಾದವರು ಎಲ್ಲ ಸೇರಿ ಅಂಗಡಿ, ಗ್ಯಾರೇಜು, ಲಿಫ್ಟುಗಳಲ್ಲಿ ಕಲೆ ತೋರಿಸುವ ದಿನ. ಕಲಾವಿದರನ್ನೂ ಅವರಿಗೆ ಜಾಗ ಕೊಟ್ಟ ಪುಣ್ಯಾತ್ಮರನ್ನೂ ಮಾತಾಡಿಸಿ ಸಂಜೆಯೊಳಗೆ ಒಂದು ಪುಟ ತುಂಬಿಸಬೇಕಿತ್ತು.

ಸಂಪಾದಕರು ಸುತ್ತ ಕಣ್ಣು ಹಾಯಿಸಿದರು. ಕೈ ಖಾಲಿ ಇದ್ದವನು ಸಂತಾಪ ಒಬ್ಬನೇ.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ವರ್ಷಗಟ್ಟಲೆ ನಿಧನವಾರ್ತೆಯ ಪುಟ ನೋಡಿಕೊಂಡು ಆಫೀಸಿಗೆಲ್ಲ ಅವನು ಸಂತಾಪನೇ ಆಗಿಹೋಗಿದ್ದ. ದುಃಖದಲ್ಲಿರುವವರಿಗೆ ನೋವಾಗದಂತೆ ಪ್ರಶ್ನೆ ಕೇಳುವುದು ಅವನಿಗೆ ಉಸಿರಾಟದಷ್ಟು ಸಲೀಸು. ಬದುಕಿದ್ದವರ ಜತೆ ಮಾತಾಡುವ ರೂಢಿ ಮಾತ್ರ ತಪ್ಪಿತ್ತು. ಇವನು ಗೇಟು ತೆರೆದ ಸದ್ದಿಗೇ ಪಕ್ಕದ ಮನೆಯ ಅಜ್ಜ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಇವನು "ಹೇಗಿದ್ದೀರಿ" ಎಂದು ಕೇಳುವ ಧಾಟಿ ಅವರಿಗೆ ಹಿಡಿಸುತ್ತಿರಲಿಲ್ಲ.

"ಇವತ್ತಿಂದು ಚೆನ್ನಾಗಿ ಬಂದ್ರೆ ನಿನ್ನನ್ನ ಕಲಾಪುಟಕ್ಕೆ ಹಾಕ್ತೀನಿ," ಎಂದರು ಸಂಪಾದಕರು. "ಕೆಟ್ರೆ, ರಿಟೈರ್ ಆಗೋವರೆಗೂ ಅದೇ ಕುರ್ಚಿ. ಆಮೇಲೆ ಅದೇ ಪುಟ."

ಬಸ್ಸಿನಲ್ಲಿ ಸಂತಾಪ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ. ನಿಮ್ಮ ಸ್ಫೂರ್ತಿ ಏನು? ನಿಮ್ಮ ಮುಂದಿನ ಹೆಜ್ಜೆ ಯಾವುದು? ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮೊದಲ ಜಾಗ ಸ್ಕೂಟರ್ ಗ್ಯಾರೇಜು. ಒಳಗೆ ಕತ್ತಲೆ. ನಡುವೆ ನೆಲದ ಮೇಲೆ ಒಬ್ಬ ಮನುಷ್ಯ ಬಿಳಿ ಬಟ್ಟೆ ಹೊದ್ದು ನೆಟ್ಟಗೆ ಮಲಗಿದ್ದ. ತಲೆದೆಸೆಯಲ್ಲಿ ಕಪ್ಪು ಶಾಲಿನ ನಿರ್ದೇಶಕಿ. ಆ ಬಿಳಿ ಬಟ್ಟೆ ಕಂಡದ್ದೇ ತಡ, ಸಂತಾಪನ ಬಾಯಿಪಾಠವೆಲ್ಲ ಸೋರಿಹೋಯಿತು. ಭುಜ ಬಾಗಿತು, ದನಿ ತಗ್ಗಿತು.

"ಯಾವಾಗಿಂದ ಹೀಗೆ?"

"ಬೆಳಿಗ್ಗೆಯಿಂದ," ಎಂದಳು ನಿರ್ದೇಶಕಿ.

"ಕೊನೇಲಿ ಏನಾದ್ರೂ ಮಾತಾಡಿದ್ರಾ?"

"ಇಲ್ಲ. ಅವನ ಪಾತ್ರಕ್ಕೆ ಮಾತೇ ಇಲ್ಲ."

"ಶಾಂತವಾಗೇ ಆಯ್ತು ಅನ್ನಿ."

ನಿರ್ದೇಶಕಿಯ ಕಣ್ಣು ತುಂಬಿ ಬಂತು. "ಸಾರ್, ಈ ನಾಟಕ ಅರ್ಥ ಮಾಡ್ಕೊಂಡವರು ಈ ಊರಲ್ಲಿ ನೀವೊಬ್ಬರೇ."

ಸಂತಾಪನಿಗೆ ಎಚ್ಚರವಾದದ್ದು ಗ್ಯಾರೇಜಿನ ಮೆಕ್ಯಾನಿಕ್ ತೋಳು ಹಿಡಿದು ಎಳೆದಾಗ. "ಜಾಗ ಕೊಟ್ಟವನು ನಾನು, ನನ್ನನ್ನೂ ಸ್ವಲ್ಪ ಕೇಳಿ. ಆ ಮನುಷ್ಯನ ಬೆನ್ನಿನ ಕೆಳಗೆ ನನ್ನ ಸ್ಪ್ಯಾನರ್ ಸಿಕ್ಕಿದೆ. ತೆಗೀತೀನಿ ಅಂದ್ರೆ ಮೌನ ಮುರಿಯುತ್ತಂತೆ."

ಮುಂದಿನ ಜಾಗ ಕ್ಷೌರದಂಗಡಿ. ಅಲ್ಲಿ ಕವಿಯೊಬ್ಬರು ಕುರ್ಚಿಯ ಹಿಂದೆ ನಿಂತು ಕವನ ಓದುತ್ತಿದ್ದರು. ಕೇಳುಗರು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಅಲುಗಾಡದೆ ಕೂತಿದ್ದರು.

"ಎಷ್ಟು ತನ್ಮಯರಾಗಿದ್ದಾರೆ," ಎಂದ ಸಂತಾಪ.

"ತನ್ಮಯ ಏನೂ ಇಲ್ಲ ಸಾರ್," ಎಂದ ಕ್ಷೌರಿಕ. "ಕವನ ಮುಗಿಯೋವರೆಗೂ ಕುತ್ತಿಗೆಯಿಂದ ಕತ್ತಿ ತೆಗೀಬಾರದು ಅಂತ ಕವಿಗಳು ಮಾತು ತಗೊಂಡಿದ್ದಾರೆ."

ಕವಿ ಓದು ನಿಲ್ಲಿಸಿ ಇವನ ಕಡೆ ತಿರುಗಿದರು. ಕನ್ನಡಿಯಲ್ಲಿ ಅರ್ಧ ಬೋಳಿಸಿದ ಮುಖಗಳೆಲ್ಲ ಇವನನ್ನೇ ನೋಡಿದವು. ಸಂತಾಪ ಬಾಯಿಪಾಠ ಮಾಡಿದ್ದನ್ನು ನೆನಪಿಸಿಕೊಳ್ಳಲು ನೋಡಿದ. ಸ್ಫೂರ್ತಿ, ಸ್ಫೂರ್ತಿ ಎಂದುಕೊಳ್ಳುತ್ತಲೇ ಬಾಯಿಂದ ಬಿದ್ದದ್ದು ಬೇರೆ.

"ತಾವು ಯಾರ್ಯಾರನ್ನ ಅಗಲಿದ್ದೀರಿ?"

ಕವಿ ಕನ್ನಡಕ ತೆಗೆದು ಒರೆಸಿಕೊಂಡರು. "ಓದುಗರನ್ನ," ಎಂದರು ನಿಧಾನವಾಗಿ. "ಬರ್ಕೊಳ್ಳಿ. ಅಪಾರ ಓದುಗರನ್ನ."

"ಕ್ಷಮಿಸಿ, ಅಭ್ಯಾಸಬಲ. ನಾನು ನಿಧನವಾರ್ತೆ ನೋಡ್ಕೊಳ್ಳೋನು. ಇವತ್ತು ಒಂದಿನ ಕಲಾಪುಟಕ್ಕೆ—"

ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ಯೋಚಿಸಿದ. "ನೋಡಿ ಸಾರ್, ಕಲಾಪುಟದಲ್ಲಿ ಎಲ್ರನ್ನೂ ಬೈತಾರೆ. ಸತ್ತವರ ಪುಟದಲ್ಲಿ ಯಾರನ್ನಾದ್ರೂ ಬೈದದ್ದು ಓದಿದ್ದೀರಾ? ಎಲ್ರೂ ಸರಳ ಜೀವಿಗಳು, ಎಲ್ರೂ ಪ್ರತಿಭಾವಂತರು. ಕವಿಗಳೇ, ನಾನಾಗಿದ್ರೆ ಆ ಪುಟದಲ್ಲೇ ಹಾಕಿಸ್ಕೋತಿದ್ದೆ."

ಕ್ಷೌರದಂಗಡಿಯಲ್ಲಿ ಆಡಿದ ಮಾತಿಗೆ ಕಾಲು ಮೂಡಲು ಹೊತ್ತು ಬೇಕಿಲ್ಲ. ಸಂತಾಪ ಹೊರಗೆ ಬರುವಷ್ಟರಲ್ಲಿ ಬೀದಿಯಲ್ಲಿ ಕಲಾವಿದರ ಸಾಲು ನಿಂತಿತ್ತು. ಲಿಫ್ಟಿನಲ್ಲಿ ನಾಟಕವಾಡುವವನು ಪ್ರೇಕ್ಷಕರನ್ನು ಎರಡು ಮಹಡಿಗಳ ನಡುವೆ ಬಿಟ್ಟು ಓಡಿ ಬಂದಿದ್ದ. ಇಬ್ಬರು ನರ್ತಕಿಯರು ಗೆಜ್ಜೆ ಸಮೇತ ಜಗಳಕ್ಕೆ ನಿಂತರು.

"ನನ್ನದು ತುಂಬಲಾರದ ನಷ್ಟ ಅಂತ ಬರೀರಿ. ಅವಳದು ಬರೀ ನಷ್ಟ ಅಂದ್ರೆ ಸಾಕು."

"ಅವಳು ಕುಣಿಯೋದು ನಿಲ್ಸಿದ್ರೆ ನಷ್ಟ ಯಾರಿಗೆ ಸಾರ್? ನೀವೇ ಹೇಳಿ."

"ಅಮ್ಮಾ, ನಾನು ಬಂದದ್ದು ಬದುಕಿದ್ದವರ ಬಗ್ಗೆ ಬರೆಯೋಕೆ," ಎಂದು ಸಂತಾಪ ಕೈಮುಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಿಯ ಒಂದು ಗುಂಡಿ ಕಳೆದುಕೊಂಡು ಹೇಗೋ ಬಸ್ಸು ಹತ್ತಿದ.

ಆಫೀಸಿನಲ್ಲಿ ಕೂತು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಬೆರಳುಗಳು ಮಾತು ಕೇಳಲಿಲ್ಲ. 'ಹಿರಿಯ ಕವಿಗಳು ಇಂದು ಮಧ್ಯಾಹ್ನ ಕ್ಷೌರದಂಗಡಿಯಲ್ಲಿ ಕವನ ಓದಿದರು. ಅವರು ಕೆಲಕಾಲದಿಂದ ಬರೆಯುತ್ತಿದ್ದರು.' ಹೊತ್ತು ಮೀರಿತ್ತು. ಇದ್ದದ್ದನ್ನೇ ಸಂಪಾದಕರ ಮೇಜಿನ ಮೇಲಿಟ್ಟು, ತೀರ್ಪು ಕೇಳಲು ನಿಂತವನಂತೆ ನಿಂತ.

ಸಂಪಾದಕರು ಓದಿದರು. ನಗುವಿಗೆ ಹೊಟ್ಟೆ ಕುಣಿಯಿತು. ಕಣ್ಣೊರೆಸಿಕೊಂಡರು.

"ಕಲೆ ಬಗ್ಗೆ ಬರೆದದ್ದನ್ನ ನಾನು ಕೊನೇತನಕ ಓದಿದ್ದು ಇದೇ ಮೊದಲು ಕಣಯ್ಯ. ಗೆದ್ದೆ."

ಸಂತಾಪನ ಎದೆ ಹಗುರಾಯಿತು. "ಹಾಗಾದ್ರೆ ಸಾರ್, ನಾಳೆಯಿಂದ ನಾನು ಕಲಾಪುಟಕ್ಕೆ..."

"ನಾಳೆಯಿಂದ ಕಲಾಪುಟ ಇಲ್ಲ. ಮಧ್ಯಾಹ್ನದಿಂದ ಫೋನು ಕೆಳಗಿಟ್ಟಿಲ್ಲ ನಾನು. ಎಲ್ಲ ಕಲಾವಿದರಿಗೂ ನಿನ್ನ ಪುಟದಲ್ಲೇ ಜಾಗ ಬೇಕಂತೆ. ಸುಮ್ನೆ ಎರಡು ಪುಟ ಯಾಕೆ? ಕಲೆ ನಿನ್ನ ಹತ್ರಾನೇ ಬರುತ್ತೆ. ನೀನು ಕುರ್ಚಿಯಿಂದ ಏಳೋದೂ ಬೇಡ."

ಕಲಾ ವರದಿಗಾರ್ತಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ತನ್ನ ಕುರ್ಚಿಯನ್ನು ಇವನ ಪಕ್ಕಕ್ಕೆ ಎಳೆದು ತಂದಳು. ದನಿ ಇಲ್ಲದ್ದರಿಂದ, ಹೇಳಬೇಕಾದ್ದನ್ನೆಲ್ಲ ಕಣ್ಣಲ್ಲೇ ಹೇಳಿದಳು.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

"ನಿಧನವಾರ್ತೆ ವಿಭಾಗನಾ?"

"ಹೌದು." ಸಂತಾಪನ ದನಿ ತಾನಾಗಿ ತಗ್ಗಿತು. "ಹೇಳಿ, ಯಾರು ಹೋದ್ರು? ಯಾವಾಗ?"

"ನಾನೇ ಸಾರ್. ನಾಳೆ ಸಂಜೆ ಆರಕ್ಕೆ, ಹಳೇ ಗೋದಾಮಿನಲ್ಲಿ. ಮುಂದಿನ ಸಾಲಲ್ಲೇ ನಿಮಗೊಂದು ಜಾಗ ಇಟ್ಟಿರ್ತೀವಿ."