ನನ್ನ ಮೇಲ್ದುಟಿಗೆ ಚುಚ್ಚಿದ ಕಣಜದ ಹುಳುವಿನ ಸನ್ನಿಧಾನಕ್ಕೆ

ಮಾನ್ಯರೇ,

ಬಸ್ ನಿಲ್ದಾಣದ ಪ್ರಕಟಣೆ ಕೊಠಡಿಯ ಕಿಟಕಿಯ ಮೇಲೆ ಗೂಡು ಕಟ್ಟಿಕೊಂಡು ಸಕುಟುಂಬ ಸುಖವಾಗಿರುವ ತಮಗೆ, ಅದೇ ಕಿಟಕಿಯ ಕೆಳಗೆ ಹದಿನೆಂಟು ವರ್ಷಗಳಿಂದ ಮೈಕಿನ ಮುಂದೆ ಕುಳಿತು ಬಸ್ಸುಗಳ ಬರುಹೋಗುಗಳನ್ನು ಸಾರುತ್ತಿರುವ ನಾನು, ಊತ ಇಳಿದು ಈಗಷ್ಟೇ ಮನುಷ್ಯರ ತುಟಿಯಂತೆ ಕಾಣುತ್ತಿರುವ ಈ ತುಟಿಗಳಿಂದ ಮಾಡುವ ನಮಸ್ಕಾರಗಳು.

ಕಳೆದ ಸೋಮವಾರ ಬೆಳಿಗ್ಗೆ, ಹಣ್ಣಿನ ರಸದ ಲೋಟವನ್ನು ಮುಚ್ಚದೆ ಮೇಜಿನ ಮೇಲಿಟ್ಟು, ಎರಡು ಪ್ರಕಟಣೆ ಮುಗಿಸಿ, ನೋಡದೆ ಅದನ್ನು ಬಾಯಿಗಿಟ್ಟಾಗ, ಅಂಚಿನಲ್ಲಿ ತಾವು ಆಗಲೇ ಉಪಾಹಾರಕ್ಕೆ ಆಸೀನರಾಗಿದ್ದಿರಿ. ತಪ್ಪು ನನ್ನದೇ. ಆದರೂ ಮೊಣಕೈ, ಹಿಮ್ಮಡಿ, ಭುಜ ಎಂದು ಈ ದೇಹದಲ್ಲಿ ಅಷ್ಟೇನೂ ಕೆಲಸವಿಲ್ಲದ ಇಷ್ಟೊಂದು ಜಾಗ ಖಾಲಿ ಬಿದ್ದಿರುವಾಗ, ನನಗೆ ಅನ್ನ ಕೊಡುವ ಮೇಲ್ದುಟಿಯನ್ನೇ ಆರಿಸಿಕೊಂಡ ತಮ್ಮ ಅಭಿರುಚಿಯನ್ನು ಮೆಚ್ಚಲೇಬೇಕು.

ಐದು ನಿಮಿಷದಲ್ಲಿ ತುಟಿ ಬನ್ನಿನಂತೆ ಉಬ್ಬಿತು. ಪ, ಫ, ಬ, ಭ, ಮ ಐದೂ ಒಟ್ಟಿಗೆ ರಜೆ ಹಾಕಿದವು. 'ಮೂರನೇ ಅಂಕಣಕ್ಕೆ ಬನ್ನಿ' ಎಂದು ನಾನು ಹೇಳಿದ್ದು ಧ್ವನಿವರ್ಧಕದಲ್ಲಿ 'ನೂರನೇ ಅಂಕಣಕ್ಕೆ ವನ್ನಿ' ಎಂದು ಕೇಳಿಸಿ, ಆರೇ ಅಂಕಣಗಳಿರುವ ನಮ್ಮ ನಿಲ್ದಾಣದಲ್ಲಿ ಜನ ಗಂಟುಮೂಟೆ ಹೊತ್ತು ನೂರನೆಯದನ್ನು ಹುಡುಕತೊಡಗಿದರು. ಹೊಲಿಗೆ ಯಂತ್ರ ಹೊತ್ತ ಅಜ್ಜಿಯೊಬ್ಬರು ಕಿಟಕಿಗೇ ಬಂದು, "ತೊಂಬತ್ತೊಂಬತ್ತರ ತನಕ ದಾರಿ ತೋರ್ಸಪ್ಪ, ಮುಂದಿಂದು ನಾನೇ ನೋಡ್ಕೋತೀನಿ" ಎಂದರು.

ಅಷ್ಟರಲ್ಲಿ ನನ್ನ ತುಟಿಗೆ ಕ್ಯಾಂಟೀನಿನವರು ಈರುಳ್ಳಿ ಉಜ್ಜಿದರು, ಕಸ ಗುಡಿಸುವ ಅಕ್ಕ ಟೂತ್‌ಪೇಸ್ಟ್ ಬಳಿದರು, ಡ್ರೈವರೊಬ್ಬರು ಪ್ರೀತಿಯಿಂದ ಗ್ರೀಸ್ ತಂದರು. ಮಹಡಿಯ ದವಾಖಾನೆಯಿಂದ ಇಳಿದು ಬಂದ ನರ್ಸಮ್ಮ ನೋಡಿ, "ಯಾರ್ರೀ ಇದು, ತುಟಿಗೆ ಒಗ್ಗರಣೆ ಹಾಕಿದ್ದು?" ಎಂದು ಗದರಿ, ಎಲ್ಲವನ್ನೂ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸು ಹಿಡಿಸಿ, ಒಂದು ಮಾತ್ರೆ ನುಂಗಿಸಿದರು. "ನಾಲಿಗೆ, ಗಂಟಲು ಊದಿದ್ರೆ, ಉಸಿರಾಡೋಕೆ ಕಷ್ಟ ಆದ್ರೆ ಒಂದ್ ನಿಮಿಷಾನೂ ಕಾಯೋ ಹಾಗಿಲ್ಲ, ನೇರ ದೊಡ್ಡಾಸ್ಪತ್ರೆಗೆ" ಎಂದು ಹೇಳಿ ಒಂದು ಗಂಟೆ ನನ್ನನ್ನೇ ಕಾವಲು ಕಾಯ್ದರು. ಆ ಒಂದು ಗಂಟೆ, ಮಾನ್ಯರೇ, ನಾನು ಉಸಿರುಗಳನ್ನು ಎಣಿಸುತ್ತಿದ್ದೆ.

ಆಗಲೇ ಪಕ್ಕದ ವಿಚಾರಣಾ ಕೌಂಟರಿನಿಂದ ನನ್ನ ಹೆಂಡತಿ ಓಡಿಬಂದಳು. ತುಟಿ ನೋಡಿ ಕಣ್ಣೊರೆಸಿಕೊಂಡಳು, ಮರುಕ್ಷಣವೇ "ಸ್ವಲ್ಪ ಸರೀರಿ, ಜನ ನೂರನೇದು ಹುಡುಕ್ತಾ ರಸ್ತೆಗೇ ಹೋಗ್ಬಿಟ್ರು" ಎಂದು ಮೈಕು ಹಿಡಿದಳು. "ಮಗು ಎತ್ಕೊಂಡಿರೋರು ಮೊದಲು ಹತ್ತಲಿ. ಮೂರನೇ ಅಂಕಣದ ಡ್ರೈವರಣ್ಣ, ಹರಟೆ ಸಾಕು, ಬಸ್ಸು ನಿಮ್ಮನ್ನೇ ಕಾಯ್ತಾ ಇದೆ!" ಡ್ರೈವರು ಓಡಿದ. ಇಡೀ ನಿಲ್ದಾಣ ನಕ್ಕು ಚಪ್ಪಾಳೆ ತಟ್ಟಿತು. ಹದಿನೆಂಟು ವರ್ಷದಲ್ಲಿ ನನಗೊಂದು ಚಪ್ಪಾಳೆ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಕುದಿಯಬೇಕೆಂದು ಕುಳಿತವನಿಗೆ ನಗು ಬಂತು; ನಕ್ಕರೆ ತುಟಿ ಉರಿಯಿತು; ಉರಿದಷ್ಟೂ ನಗು ಹೆಚ್ಚಾಯಿತು.

ನಾಲ್ಕನೇ ದಿನ ಪವರ್ಗ ಸಮೇತ ನಾನು ಹಾಜರಾದರೆ, ಕಂಡವರೆಲ್ಲ ಕೇಳಿದ್ದು "ಅಕ್ಕ ಇಲ್ವಾ?" ಎಂದೇ. ಮ್ಯಾನೇಜರ್ ಸಾಹೇಬರು ಬೆಳಗಿನ ಪಾಳಿಯನ್ನು ಅವಳಿಗೆ ಬರೆದುಕೊಟ್ಟಾಗಿತ್ತು. ಈಗ ಬೆಳಿಗ್ಗೆ ನಾನು ಅವಳ ಕೌಂಟರಿನಲ್ಲಿ ಕುಳಿತು, ಮನೆಯಲ್ಲಿ ಒಂದು ದಿನವೂ ಕಿವಿಗೊಟ್ಟು ಕೇಳದ ದನಿಯನ್ನು ಊರಿನವರೊಂದಿಗೆ ಕೇಳುತ್ತೇನೆ. ಎಷ್ಟು ಚೆನ್ನಾಗಿದೆ, ಮಾನ್ಯರೇ! ಈ ಉಪಕಾರಕ್ಕೆ ತಮ್ಮನ್ನು ಹೇಗೆ ಕ್ಷಮಿಸುವುದೋ ತಿಳಿಯದು.

ಲೋಟಕ್ಕೆ ಮುಚ್ಚಳ, ಕಿಟಕಿಗೆ ಜಾಲರಿ ಬಂದಿವೆ. ತಾವು ಸುಳಿದರೆ ಕೈ ಬೀಸದೆ ಮೆಲ್ಲಗೆ ಎದ್ದು ಹೋಗುವ ಅಭ್ಯಾಸವನ್ನೂ ಮಾಡಿಕೊಂಡಿದ್ದೇನೆ. ತಾವೂ ಮುಂದೆ ಚುಚ್ಚುವುದಿದ್ದರೆ ಏಳು ದಿನ ಮೊದಲು ಲಿಖಿತ ಸೂಚನೆ ನೀಡಿ, ಸ್ಥಳವನ್ನು ಪರಸ್ಪರ ಒಪ್ಪಿಗೆಯಿಂದ ಗೊತ್ತುಮಾಡಬೇಕಾಗಿ ಕೋರಿಕೆ.

ಐದಡಿ ದೂರದಿಂದಲೇ ತಮ್ಮ ವಿಶ್ವಾಸಿ,
ಮಧ್ಯಾಹ್ನದ ಪಾಳಿಯ ಪ್ರಕಟಣೆಗಾರ

ತಾ.ಕ.: ಗೂಡು ತೆಗೆಯುವವರು ಗುರುವಾರ ಏಣಿ, ಕೈಗವಸುಗಳೊಂದಿಗೆ ಬರುತ್ತಾರೆ. ಅಷ್ಟರೊಳಗೆ ತಾವಾಗಿಯೇ ಮನೆ ಬದಲಿಸುವುದಾದರೆ, ಎದುರಿನ ಮ್ಯಾನೇಜರ್ ಸಾಹೇಬರ ಕೋಣೆಯ ಕಿಟಕಿ ಸದಾ ತೆರೆದೇ ಇರುತ್ತದೆ, ಸಾಹೇಬರು ಮಧ್ಯಾಹ್ನ ಬಾಯಿ ತೆರೆದುಕೊಂಡೇ ನಿದ್ದೆ ಮಾಡುತ್ತಾರೆ.